ನನ್ನ ರೂಮಿನಲ್ಲಿ ಅವಳು ಓಡಿದ್ದು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು. ಸಿಟ್ಟು ಬಂದಾಗ ಬಾಯಿಗೆ ಬಂದದ್ದನ್ನು ಅಂದುಬಿಡುತ್ತೇನೆ, ಒಂದು ತಾಸಿನಲ್ಲಿ ನಾನೇ ಮರೆತು ಚಹಾ ಕೇಳುತ್ತೇನೆ. ಕೇಳಿಸಿಕೊಂಡವರು ಮರೆತಿರುವುದಿಲ್ಲ ಎನ್ನುವುದು ತಲೆಗೆ ಹೋಗಲು ನನಗೆ ಮೂವತ್ತೆರಡು ವರ್ಷ ಹಿಡಿಯಿತು. ಈಗ ಬರೆಯುತ್ತಿರುವುದು ಮೊಬೈಲಿನಲ್ಲಿ ಬಂದೂಕು ಹಿಡಿದು ಆಡುವ ಒಂದು ಆಟದ ವಿಷಯ. ಇಷ್ಟಕ್ಕೇ ಇಷ್ಟು ಸಂಕಟವೇ ಎಂದು ನಗುವವರು ನಗಲಿ. ನನಗೆ ನಾಚಿಕೆಯಾಗಿದೆ. ಅದಕ್ಕೆ ಬೇರೆ ಹೆಸರಿಡಲು ನೋಡಿದೆ, ಆಗಲಿಲ್ಲ.

ನನ್ನ ಕೆಲಸ ವಾಡಿಯ ಹತ್ತಿರ, ಲಾರಿ ತೂಗುವ ಕಾಂಟಾದಲ್ಲಿ. ಲಾರಿ ಬಂದರೆ ತೂಗಿ ಚೀಟಿ ಹರಿದು ಕೊಡಬೇಕು, ಬರದಿದ್ದರೆ ಸುಮ್ಮನೆ ಕೂರಬೇಕು. ಆ ಕೂತ ಹೊತ್ತಿನಲ್ಲೇ ಈ ಆಟ ಅಂಟಿಕೊಂಡಿದ್ದು. ನಾಲ್ಕು ಮಂದಿಯ ತಂಡ ಇನ್ನೊಂದು ತಂಡದ ಜೊತೆ ಹೊಡೆದಾಡುತ್ತದೆ, ಕೊನೆಗೆ ನಿಂತವರ ತಂಡ ಗೆಲ್ಲುತ್ತದೆ. ಗೆದ್ದರೆ ರ್ಯಾಂಕ್ ಏರುತ್ತದೆ, ಸೋತರೆ ಇಳಿಯುತ್ತದೆ. ನಮ್ಮ ತಂಡದಲ್ಲಿ ನಾನು, ಶಹಾಬಾದಿನಲ್ಲಿ ಔಷಧದ ಅಂಗಡಿ ಇಟ್ಟಿರುವ ನನ್ನ ಗೆಳೆಯ, ಭಂಕೂರಿನ ಒಬ್ಬ ಎಲೆಕ್ಟ್ರಿಷಿಯನ್, ಸೇಡಂನ ಒಬ್ಬ ಶಾಲೆ ಮಾಸ್ತರ. ನಾಲ್ವರಿಗೂ ಲಗ್ನವಾಗಿದೆ, ನಾಲ್ವರಿಗೂ ಬುದ್ಧಿ ಬಂದಿಲ್ಲ.

ನನ್ನ ರ್ಯಾಂಕ್ ಒಂದು ಕಡೆ ಬಂದು ಸಿಕ್ಕಿಹಾಕಿಕೊಂಡಿತು. ಆರು ತಿಂಗಳು ಒಂದು ಮೆಟ್ಟಿಲೂ ಮೇಲೆ ಹೋಗಲಿಲ್ಲ. ಓಡುತ್ತಿರುವವನನ್ನು ಹೊಡೆಯಲು ನನಗೆ ಬರುತ್ತಿರಲಿಲ್ಲ. ನಿಂತವನನ್ನು ಯಾರಾದರೂ ಹೊಡೆಯುತ್ತಾರೆ, ಅದರಲ್ಲೇನಿದೆ? ಒಂದು ದಿನ ಔಷಧದ ಅಂಗಡಿಯ ಗೆಳೆಯನಿಗೆ ಫೋನಿನಲ್ಲಿ ಗೋಳು ಹೇಳಿಕೊಂಡೆ.

"ಲೇ, ಬರೀ ರ್ಯಾಂಕ್ ಮ್ಯಾಚ್ ಆಡಿ ಆಡಿ ಕೈ ನಡಗಾಕತ್ತಾವ ನಿನಗ," ಎಂದ. "ಕಸ್ಟಮ್ ರೂಮ್ ಮಾಡು. ಮಜಾಕ್ಕ ಆಡು. ಸೋತ್ರ ಏನೂ ಹೋಗಂಗಿಲ್ಲ, ಕೈ ತಾನೇ ಕಲಿತದ."

ಕಸ್ಟಮ್ ರೂಮ್ ಎಂದರೆ ನಾವೇ ಕಟ್ಟಿಕೊಳ್ಳುವ ಆಟ. ಬೀಗದ ಸಂಖ್ಯೆ ನಮ್ಮದು, ಒಳಗೆ ಬರುವವರು ನಮ್ಮವರು, ನಿಯಮವೂ ನಮ್ಮದೇ. ಬಂದೂಕು ಇಲ್ಲದೆ ಬರೀ ಮುಷ್ಟಿಯಲ್ಲಿ ಗುದ್ದಾಡಬಹುದು, ಕಣ್ಣಮುಚ್ಚಾಲೆ ಆಡಬಹುದು, ಒಂದೇ ಗುಂಡಿನಲ್ಲಿ ಸಾಯುವಂತೆ ಇಟ್ಟುಕೊಳ್ಳಬಹುದು. ಅಲ್ಲಿ ರ್ಯಾಂಕಿನ ಗೊಡವೆ ಇಲ್ಲ. ಗೆಳೆಯ ಹೇಳಿದ್ದು ಖರೆ, ಇವತ್ತಿಗೂ ನಾನು ಅದನ್ನು ಒಪ್ಪುತ್ತೇನೆ. ಹೆದರಿಕೆ ಇಲ್ಲದ ಕಡೆ ಬೆರಳು ಬೇಗ ಕಲಿಯುತ್ತದೆ. ಆದರೆ ರೂಮಿನಲ್ಲಿ ಇಬ್ಬರಿದ್ದರೆ ಇಬ್ಬರ ಬೆರಳೂ ಕಲಿಯುತ್ತವೆ ಎನ್ನುವುದನ್ನು ಅವನೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಗೆಳೆಯರಿಗೆ ಅವರವರ ಕೆಲಸ. ದಿನಾ ರೂಮಿಗೆ ಬರುವವರು ಯಾರು? ಮನೆಯಲ್ಲಿ ಹೆಂಡತಿ ಇದ್ದಳು. ಲಗ್ನವಾಗಿ ಒಂದು ವರ್ಷವಾಗಿತ್ತು. ಅವಳ ತವರು ಚಿಂಚೋಳಿ ತಾಲ್ಲೂಕಿನ ಕೊಡ್ಲಿ. ಬಿ.ಎ. ಓದಿದ್ದಾಳೆ, ನನಗಿಂತ ಚುರುಕು, ಮಾತು ಕಡಿಮೆ. ಒಂದು ರವಿವಾರ ಊಟವಾದ ಮೇಲೆ ಅವಳ ಫೋನಿಗೂ ಆಟ ಇಳಿಸಿಕೊಟ್ಟೆ. ಅವಳ ಐಡಿಗೆ ಏನು ಹೆಸರಿಡಬೇಕು ಎಂದು ಅವಳನ್ನು ಕೇಳಲೂ ಇಲ್ಲ. ನನ್ನ ಐಡಿಯನ್ನೇ ಬರೆದು ಹಿಂದೆ ಎರಡು ಎಂಬ ಅಂಕಿ ಹಾಕಿದೆ. ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮೊದಲು ಆಡಿದ್ದು ಕಣ್ಣಮುಚ್ಚಾಲೆ. ಅವಳು ಆಟದೊಳಗಿನ ಒಂದು ಕೊಟ್ಟಿಗೆಯಲ್ಲಿ ಹುಲ್ಲಿನ ಬಣವೆಯ ಹಿಂದೆ ಅಡಗಿ ಕುಳಿತಳು, ನನಗೆ ಅರ್ಧ ತಾಸು ಸಿಗಲೇ ಇಲ್ಲ. ಇತ್ತ ನನ್ನ ಪಕ್ಕದಲ್ಲೇ ಫರಸಿ ಕಲ್ಲಿನ ನೆಲದ ಮೇಲೆ ಕುಳಿತು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

"ಭಾಳ ಮಜಾ ಅದ ನೋಡ್ರಿ ಇದು. ಸಣ್ಣಾಕಿ ಇದ್ದಾಗ ತೊಗರಿ ಹೊಲದಾಗ ಅಡಗಿದ್ರ ನಮ್ಮವ್ವಗೂ ಸಿಗ್ತಿರಲಿಲ್ಲ ನಾ."

ಅವಳು ಹಾಗೆ ನಕ್ಕದ್ದನ್ನು ನಾನು ಆ ವರ್ಷದಲ್ಲಿ ಅದೇ ಮೊದಲು ನೋಡಿದ್ದು. ಅಲ್ಲಿಗೇ ಬಿಟ್ಟಿದ್ದರೆ ಸಾಕಿತ್ತು. ಮರುದಿನವೇ ನಾನು ರೂಮಿನ ನಿಯಮ ಬದಲಾಯಿಸಿದೆ. ಎರಡು ಗೋಡೆಗಳ ನಡುವೆ ಒಂದು ಬಯಲು. ಅವಳು ಈ ಗೋಡೆಯಿಂದ ಆ ಗೋಡೆಗೆ ಓಡಬೇಕು, ನಾನು ದೂರದಿಂದ ಹೊಡೆಯಬೇಕು. ಸತ್ತರೆ ಮತ್ತೆ ಎದ್ದು ಓಡಬೇಕು. ಸಂಜೆ ಕೆಲಸ ಮುಗಿಸಿ ಬಂದು ಚಹಾ ಕುಡಿದ ಮೇಲೆ ದಿನಕ್ಕೆ ಅರ್ಧ ತಾಸು. ಅವಳು ಅತ್ತ ಇತ್ತ ಓಡುತ್ತಿದ್ದಳು, ನಾನು ಹೊಡೆಯುತ್ತಿದ್ದೆ.

ನಾಲ್ಕನೆಯ ದಿನವೋ ಐದನೆಯ ದಿನವೋ ನಾನು ಬಂದೂಕಿಗೆ ಗುಂಡು ತುಂಬುತ್ತಿದ್ದೆ. ಅವಳು ಓಡುತ್ತಾ ಓಡುತ್ತಾ ಗಕ್ಕನೆ ನಿಂತು ನನ್ನ ತಲೆಗೇ ಒಂದು ಹೊಡೆದಳು. ನನ್ನ ಆಟಗಾರ ಅಂಗಾತ ಬಿದ್ದ.

"ಬಿದ್ರಿ! ಬಿದ್ರಿ ನೀವ!" ಎಂದು ಚಪ್ಪಾಳೆ ತಟ್ಟಿದಳು.

ನಾನೂ ನಗಬೇಕಿತ್ತು. ನಗುವ ಬದಲು ರೇಗಿದೆ. "ಯಾರು ಹೊಡಿ ಅಂದ್ರು ನಿನಗ? ನಾ ಇಲ್ಲಿ ಆಟ ಆಡಾಕತ್ತೀನಂತ ತಿಳದೀಯೇನು? ನೀ ಓಡು, ಅಷ್ಟೇ. ಬಂದೂಕು ಮುಟ್ಟಬ್ಯಾಡ."

"ಆತ್ ಬಿಡ್ರಿ," ಎಂದಳು. ಚಪ್ಪಾಳೆ ತಟ್ಟಿದ ಕೈಯನ್ನು ಕೆಳಗಿಳಿಸಿ ಮತ್ತೆ ಫೋನ್ ಹಿಡಿದಳು. ಅದಾದ ಮೇಲೆ ಅವಳು ಒಂದು ದಿನವೂ ಹೊಡೆಯಲಿಲ್ಲ. ಎಷ್ಟೋ ಸಲ ಓಡುತ್ತಾ ನನ್ನ ಮುಂದೆಯೇ ಬಂದು ನಿಂತಿದ್ದಾಳೆ, ಬಂದೂಕು ಕೈಯಲ್ಲೇ ಇರುತ್ತಿತ್ತು. ಎಡಕ್ಕೆ ಒಂದು ಹೆಜ್ಜೆ, ಬಲಕ್ಕೆ ಒಂದು, ಮತ್ತೆ ಎಡಕ್ಕೆ ಜಿಗಿದು ತಪ್ಪಿಸಿಕೊಂಡು ಓಡುತ್ತಿದ್ದಳು. ಐದು ತಿಂಗಳು ಹೀಗೇ ನಡೆಯಿತು.

ಐದು ತಿಂಗಳಲ್ಲಿ ನನ್ನ ರ್ಯಾಂಕ್ ನಾಲ್ಕು ಮೆಟ್ಟಿಲು ಏರಿತು. ಗೆಳೆಯರು ಬೆರಗಾಗಿ ಕೇಳಿದರು, ಹ್ಯಾಂಗ ಮಾಡಿದಿ ಅಂತ. "ಕಸ್ಟಮ್ ರೂಮಿನಾಗ ಪ್ರಾಕ್ಟೀಸ್ ಮಾಡ್ತೀನಪ್ಪ, ದಿನಾ," ಎಂದು ಜಂಬ ಕೊಚ್ಚಿಕೊಂಡೆ. ಯಾರ ಜೊತೆ ಎಂದು ಹೇಳಲಿಲ್ಲ. ಹೇಳಿದರೆ ಹೆಂಡತಿಯನ್ನು ಓಡಿಸಿ ಹೊಡೆಯುತ್ತಾನೆ ಎಂದು ನಗುತ್ತಾರೆ ಎಂಬ ಅಂಜಿಕೆ. ಅಂಜಿಕೆ ಇತ್ತು ಅಂದಮೇಲೆ ಅದು ಸರಿಯಲ್ಲ ಎಂದು ಒಳಗೆಲ್ಲೋ ಗೊತ್ತಿತ್ತು. ಅಷ್ಟರಲ್ಲಿ ಅವಳೂ ಎಷ್ಟು ಚುರುಕಾಗಿದ್ದಳೆಂದರೆ ಹತ್ತು ಗುಂಡಿಗೆ ಒಂದು ತಾಗಿದರೆ ನನ್ನ ಪುಣ್ಯ. ಒಂದು ದಿನ ರೊಟ್ಟಿ ಬಡಿಯುತ್ತಾ ಕೇಳಿದಳು.

"ರೀ, ನನಗೂ ಒಂದ್ಸಲ ಖರೇ ಮ್ಯಾಚ್ ಆಡಸ್ರಿ."

"ಆಡ್ಸೋಣ ತಡಿ. ಈಗ ಬಂದ್ರ ನನ್ನ ರ್ಯಾಂಕ್ ಬೀಳಸ್ತಿ ನೀ."

ಮತ್ತೆ ಕೇಳಲಿಲ್ಲ. ಅವಳದು ಒಂದು ಸಲ ಕೇಳುವ ಸ್ವಭಾವ.

ಆಮೇಲೆ ಶಹಾಬಾದಿನ ಒಂದು ಫಂಕ್ಷನ್ ಹಾಲಿನಲ್ಲಿ ಪಂದ್ಯ ಇಟ್ಟರು. ಸೇಡಂ, ಚಿತ್ತಾಪುರ, ಚಿಂಚೋಳಿ, ವಾಡಿ, ಸುತ್ತಲಿನ ಎಲ್ಲ ಕಡೆಯಿಂದ ತಂಡಗಳು. ನಾವೂ ಹೆಸರು ಕೊಟ್ಟೆವು. ಪಂದ್ಯದ ಹಿಂದಿನ ದಿನ ನಮ್ಮ ಮಾಸ್ತರನಿಗೆ ಮನೆ ಮನೆ ಸಮೀಕ್ಷೆಯ ಡ್ಯೂಟಿ ಬಿತ್ತು. ರವಿವಾರವೂ ಬಿಡುವಂತಿಲ್ಲ. ನಾಲ್ವರಲ್ಲಿ ಒಬ್ಬರು ಕಡಿಮೆಯಾದರೆ ತಂಡವನ್ನೇ ಕೈಬಿಡುತ್ತಾರೆ. ಔಷಧದ ಅಂಗಡಿಯವನು ಫೋನ್ ಮಾಡಿದ.

"ವೈನಿಯವರ ಫೋನಿನಾಗ ಆಟ ಅದಲ್ಲ? ಮನ್ನಿ ಬಂದಾಗ ನೋಡೀನಿ. ಅವರನ್ನ ಕರ್ಕೊಂಡು ಬಾ. ತಲೀ ಎಣಿಕಿಗಿ ಆದ್ರ ಸಾಕು."

ನಮ್ಮ ಕಡೆ ಗೆಳೆಯನ ಹೆಂಡತಿಯನ್ನು ವೈನಿ, ಅಂದರೆ ಅತ್ತಿಗೆ, ಅನ್ನುತ್ತಾರೆ. ಕೇಳಿದ ಕೂಡಲೇ ಅವಳು ಒಲೆ ಆರಿಸಿ, ಎತ್ತಿಟ್ಟಿದ್ದ ಹಸಿರು ಚೂಡಿದಾರ ತೆಗೆದಳು. ಫೋನಿನ ಗಾಜನ್ನು ಓಢಣಿಯಿಂದ ಮೂರು ಸಲ ಒರೆಸಿದಳು. ಮರುದಿನ ವಾಡಿ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಕೇಳಿದಳು.

"ಅಲ್ಲಿ ನಾ ಏನು ಮಾಡ್ಬೇಕ್ರಿ?"

"ಸಾಯಬ್ಯಾಡ, ಅಷ್ಟೇ. ಓಡು."

"ಯಾರಾದ್ರೂ ಎದುರಿಗಿ ಬಂದ್ರ?"

"ಜಲ್ದಿ ನಡಿ, ಗಾಡಿ ಬಂತು," ಎಂದೆ. ಅವಳ ಪ್ರಶ್ನೆಗೆ ಉತ್ತರ ಕೊಟ್ಟಿದ್ದರೆ ಈ ಬರಹ ಇರುತ್ತಿರಲಿಲ್ಲ.

ಹಾಲಿನಲ್ಲಿ ಅವಳೊಬ್ಬಳೇ ಹೆಣ್ಣುಮಗಳು. ಗೋಡೆಗೆ ದೊಡ್ಡ ಟಿವಿ ತೂಗುಹಾಕಿ, ಆಡುವುದೆಲ್ಲ ಮಂದಿಗೆ ಕಾಣುವಂತೆ ಮಾಡಿದ್ದರು. ಮೊದಲ ಎರಡು ಆಟ ನಾವು ಮೂವರೇ ಗೆದ್ದೆವು. ಅವಳು ಓಡುತ್ತಿದ್ದಳು, ಎದುರಿನವರು ಅವಳ ಮೇಲೆ ಗುಂಡು ಸುರಿದು ಖಾಲಿ ಮಾಡಿಕೊಳ್ಳುತ್ತಿದ್ದರು, ಆಗ ನಾವು ಹೊಡೆಯುತ್ತಿದ್ದೆವು. "ಏ, ವೈನಿಗಿ ಒಂದೂ ತಾಗವಲ್ದಲ್ಲೋ!" ಎಂದು ಎಲೆಕ್ಟ್ರಿಷಿಯನ್ ಕುಣಿದಾಡಿದ. ನಾನು ಮೀಸೆ ತಿರುವಿದೆ.

ಮೂರನೆಯ ಆಟ ಸೇಡಂನವರ ಮೇಲೆ. ಗೆದ್ದರೆ ಫೈನಲ್. ಗೆಳೆಯ ಸತ್ತ, ಎಲೆಕ್ಟ್ರಿಷಿಯನ್ ಸತ್ತ, ನಾನು ಮೂವರನ್ನು ಕೆಡವಿ ನಾನೂ ಸತ್ತೆ. ಉಳಿದದ್ದು ಅವರಲ್ಲಿ ಒಬ್ಬ, ನಮ್ಮಲ್ಲಿ ಅವಳು. ಅವನು ಪೆಟ್ಟು ತಿಂದು ಒಂದು ಗೋಡೆಯ ಹಿಂದೆ ಕುಳಿತು ಪಟ್ಟಿ ಸುತ್ತಿಕೊಳ್ಳುತ್ತಿದ್ದ. ಅವಳು ಓಡುತ್ತಾ ಗೋಡೆ ಬಳಸಿ ಬಂದು ಅವನ ಬೆನ್ನ ಹಿಂದೆಯೇ ನಿಂತಳು. ನಾಲ್ಕು ಹೆಜ್ಜೆ ದೂರ. ಬಂದೂಕು ಕೈಯಲ್ಲಿ, ತುಂಬ ಗುಂಡು.

ಹಾಲಿಗೆ ಹಾಲೇ ಎದ್ದು ನಿಂತಿತು. "ಹೊಡೀರಿ ವೈನಿ! ಹೊಡೀರಿ!"

ಅವಳು ಹೊಡೆಯಲಿಲ್ಲ. ಎಡಕ್ಕೆ ಒಂದು ಹೆಜ್ಜೆ ಇಟ್ಟಳು. ಬಲಕ್ಕೆ ಒಂದು. ಮತ್ತೆ ಎಡಕ್ಕೆ ಜಿಗಿದಳು. ಸಪ್ಪಳಕ್ಕೆ ಅವನು ತಿರುಗಿ, ಗಾಬರಿಯಲ್ಲಿ ಅಡ್ಡಾದಿಡ್ಡಿ ಹೊಡೆದ. ಎರಡು ಗುಂಡು ತಾಗಿ ಅವಳು ಬಿದ್ದಳು. ಆಟ ಮುಗಿಯಿತು.

ಆ ಮೂರು ಹೆಜ್ಜೆ ಯಾವುವೆಂದು ಹಾಲಿನಲ್ಲಿದ್ದವರ ಪೈಕಿ ನನಗೊಬ್ಬನಿಗೆ ಗೊತ್ತಿತ್ತು. ನನ್ನ ರೂಮಿನಲ್ಲಿ, ನನ್ನ ಮುಂದೆ, ಐದು ತಿಂಗಳು ಅವಳು ಇಟ್ಟ ಹೆಜ್ಜೆಗಳು. ಅವಳ ಬೆರಳಿಗೆ ನಾನೇ ಕಲಿಸಿದ್ದು ಅದು. ಟಿವಿಯಲ್ಲಿ ನೋಡಿದ ಕ್ಷಣವೇ ನನಗೆ ತಿಳಿಯಿತು. ತಿಳಿದೂ, ತಿಳಿದದ್ದು ಬೇರೆಯವರಿಗೆ ಕಾಣಬಾರದೆಂದು ನಾನು ಕುರ್ಚಿ ತಳ್ಳಿ ಎದ್ದು ಎಲ್ಲರ ಮುಂದೆ ಕೂಗಿದೆ.

"ಕೈ ಮುರದಾವೇನ ನಿನಗ? ಎದುರಿಗಿ ಕುಂತಾನ, ಬೆನ್ನು ಹಾಕ್ಯಾನ! ಕುರುಡಿ ಇದ್ದಿ ಏನು? ಇಂಥಾಕಿನ್ನ ಕರ್ಕೊಂಡು ಬಂದೆನಲ್ಲ, ನನಗ ಬುದ್ಧಿ ಇಲ್ಲ!"

ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಅಂದೆ ಎನ್ನಲು ಬರುವುದಿಲ್ಲ. ನೋಡಿ, ಆಗ ನನಗೆ ಸಿಟ್ಟೇ ಬಂದಿರಲಿಲ್ಲ. ಸಿಟ್ಟಿನ ವೇಷ ಹಾಕಿದ್ದೆ. ನನ್ನ ಜೀವನದಲ್ಲಿ ನಾನು ಲೆಕ್ಕ ಹಾಕಿ ಕೂಗಿದ್ದು ಅದೊಂದೇ ಸಲ.

ಅವಳು ನನ್ನನ್ನು ನೋಡಲಿಲ್ಲ. ನನ್ನ ಗೆಳೆಯರ ಕಡೆ ತಿರುಗಿ, "ನಂದ ತಪ್ಪಾತ್ರಿ ಅಣ್ಣಾರ," ಎಂದಳು. ಹೊಡಿಬ್ಯಾಡ ಅಂತ ಇವರೇ ಹೇಳಿದ್ರು ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಅವಳು ಅನ್ನುವುದಿಲ್ಲ ಎಂಬ ಭರವಸೆಯಲ್ಲೇ ನಾನು ಕೂಗಿದ್ದು.

ವಾಡಿಗೆ ಮರಳುವ ಪ್ಯಾಸೆಂಜರಿನಲ್ಲಿ ಕಿಟಕಿಯ ಪಕ್ಕ ಕುಳಿತಿದ್ದಳು. ತನ್ನ ಹೆಬ್ಬೆರಳನ್ನೇ ನೋಡಿಕೊಳ್ಳುತ್ತಾ ಹೇಳಿದಳು. "ಬಟನ್ ಮ್ಯಾಲ ಹೋಗಿತ್ರಿ ಬೆರಳು. ಒತ್ತಲಿಲ್ಲ. ಯಾಕಂತ ನನಗೂ ತಿಳೀಲಿಲ್ಲ."

ನನಗೆ ತಿಳಿದಿತ್ತು. ನಾನು ಏನಂದೆ ಗೊತ್ತೇ? "ಹೋಗ್ಲಿ ಬಿಡು," ಎಂದೆ. ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವನ ಹಾಗೆ. ಥೂ! ಇದನ್ನು ಬರೆಯುವಾಗ ಮೈ ಹಿಡಿಯಾಗುತ್ತದೆ.

ಅಲ್ಲಿಗೂ ಮುಗಿಯಲಿಲ್ಲ. ನಮ್ಮ ತಂಡದಲ್ಲಿ ಅದೊಂದು ಚೇಷ್ಟೆಯ ಮಾತಾಯಿತು. ಆಟದಲ್ಲಿ ಯಾರಾದರೂ ಹೊಡೆಯಲು ತಡ ಮಾಡಿದರೆ "ಏ, ವೈನಿ ಆಗಬ್ಯಾಡಲೇ" ಎನ್ನುವುದು. ಮೊದಲ ಸಲ ಕೇಳಿದಾಗ ನನಗೆ ಚುರ್ ಎಂದಿತು. ಎರಡನೆಯ ಸಲ ನಕ್ಕೆ. ಮೂರನೆಯ ಸಲ ನಾನೇ ಅಂದೆ.

ಔಷಧದ ಅಂಗಡಿಯವನ ಮಗುವಿನ ತೊಟ್ಟಿಲ ಕಾರ್ಯ ಚಿತ್ತಾಪುರದಲ್ಲಿ, ಅವನ ಹೆಂಡತಿಯ ತವರಿನಲ್ಲಿ ಆಯಿತು. ನಾವಿಬ್ಬರೂ ಹೋಗಿದ್ದೆವು. ಊಟಕ್ಕೆ ಬಡಿಸುವಾಗ ಯಾರೋ ಹೋಳಿಗೆ ಹಿಡಿದು ಎಲೆಯ ಮುಂದೆ ನಿಂತುಬಿಟ್ಟ. ಗೆಳೆಯ ಪಂಕ್ತಿಯ ಆ ಕಡೆಯಿಂದ ಕೂಗಿದ. "ಏ ಹಾಕಪ್ಪ, ವೈನಿ ಆಗಿ ನಿಂತೀಯಲ್ಲ!" ಪಂಕ್ತಿಯಲ್ಲಿದ್ದವರಿಗೆ ತಿಳಿಯಲಿಲ್ಲ. ಅವನೇ ಬಿಡಿಸಿ ಬಿಡಿಸಿ ಕತೆ ಹೇಳಿದ. ಅವಳು ಹೆಂಗಸರ ಸಾಲಿನಲ್ಲಿ ಕುಳಿತಿದ್ದಳು. ಎಲ್ಲರೂ ಅವಳ ಕಡೆ ತಿರುಗಿ ನಕ್ಕರು. ಅವಳೂ ನಕ್ಕಳು, ಎಲೆಯ ಮೇಲಿನ ಅನ್ನವನ್ನು ಕಲಸುತ್ತಲೇ ಇದ್ದಳು, ಉಣ್ಣಲಿಲ್ಲ. ನಕ್ಕವರಲ್ಲಿ ನಾನೂ ಇದ್ದೆ. ಅವನ ತಪ್ಪೇನೂ ಇಲ್ಲ, ಅವನಿಗೆ ನಿಜ ಗೊತ್ತಿರಲಿಲ್ಲ.

ಇಷ್ಟಾದ ಮೇಲೂ, ಸೇಡಂನಲ್ಲಿ ಇನ್ನೊಂದು ಪಂದ್ಯ ಇದೆ ಎಂದು ತಿಳಿದ ದಿನ ಸಂಜೆ ಚಹಾ ಕುಡಿದು ನಾನು ಅವಳನ್ನು ಕರೆದೆ. "ಬಾ, ಸ್ವಲ್ಪ ಓಡು."

"ಕೆಲಸ ಅದಾವ್ರಿ," ಎಂದಳು. ಅವಳ ಫೋನಿನಲ್ಲಿ ಆಟ ಇರಲಿಲ್ಲ, ಅಳಿಸಿ ಹಾಕಿದ್ದಳು.

ಹಾಗಾಗಿ ಔಷಧದ ಅಂಗಡಿಯವನನ್ನೇ ರೂಮಿಗೆ ಕರೆದೆ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನ, ನಾನು ಅವನ ಕೌಂಟರಿನ ಪಕ್ಕ ಸ್ಟೂಲಿನ ಮೇಲೆ. ಎಲೆಕ್ಟ್ರಿಷಿಯನ್ನೂ ಬಂದಿದ್ದ. "ನೀ ಈ ಗ್ವಾಡಿಯಿಂದ ಆ ಗ್ವಾಡಿಗಿ ಓಡು. ಹೊಡಿಬ್ಯಾಡ," ಎಂದೆ. ಹತ್ತು ನಿಮಿಷ ಆಗಿರಲಿಲ್ಲ, ಅವನು ಫೋನ್ ಕೆಳಗಿಟ್ಟ.

"ಏನ್ ಲೇ ಇದು, ಹುಚ್ಚು ಹಿಡಿತದ ನನಗ! ಹೊಡಿಸ್ಕೊಂಡು ಹೊಡಿಸ್ಕೊಂಡು ಸುಮ್ಮ ಓಡೂದು ಅಂದ್ರ? ಇಷ್ಟು ದಿನ ನಿನ್ನ ಮುಂದ ಯಾರು ಓಡ್ತಿದ್ರು?"

ಸುಳ್ಳು ಹೇಳಲು ಬಾಯಿ ತೆರೆದೆ. ಒಂದೂ ಹೊಳೆಯಲಿಲ್ಲ.

"ಅಕಿ," ಎಂದೆ. "ನಮ್ಮನಿಯಾಕಿ. ಐದು ತಿಂಗಳು. ಒಮ್ಮಿ ಹೊಡದಿದ್ಲು, ಬೈದೆ. ಬಂದೂಕು ಮುಟ್ಟಬ್ಯಾಡ ಅಂದಿದ್ದೆ."

ಎಲೆಕ್ಟ್ರಿಷಿಯನ್ ನನ್ನ ಮುಖ ನೋಡುವುದನ್ನು ಬಿಟ್ಟು ಹೊರಗೆ ರಸ್ತೆ ನೋಡತೊಡಗಿದ. ಗೆಳೆಯ ನಿಧಾನವಾಗಿ ಕೇಳಿದ.

"ಅಂದ್ರ ಅವತ್ತು ವೈನಿ ನೀ ಹೇಳಿದ್ದ ಮಾಡ್ಯಾರ?"

"ಹೂಂ."

"ಅದು ಗೊತ್ತಿದ್ದೂ ಒದರಿದಿಯಲ್ಲ ಅಷ್ಟು ಮಂದಿ ಮುಂದ? ಮತ್ತ ನಮ್ಮ ಕಡಿಂದ ಇಷ್ಟು ದಿನ ನಗಸಿದಿ? ನೀ ಎಂಥಾ ಗಂಡಸೋ ಮಾರಾಯ!"

ಅವನು ಅಲ್ಲೇ ಫೋನ್ ತೆಗೆದು ಅವಳಿಗೆ ಹಚ್ಚಿದ. ಕೌಂಟರಿನ ಆ ಬದಿಗೆ ತಿರುಗಿ ನಿಂತು, ತಗ್ಗಿದ ದನಿಯಲ್ಲಿ ಮಾತಾಡಿದ. ಎಲೆಕ್ಟ್ರಿಷಿಯನ್ನೂ ಫೋನ್ ಇಸಿದುಕೊಂಡು ಎರಡು ಮಾತಾಡಿದ. ನನಗೆ ಕೊಡಲಿಲ್ಲ, ನಾನೂ ಕೇಳಲಿಲ್ಲ.

ವಾಡಿಗೆ ಬರುವ ದಾರಿಯುದ್ದಕ್ಕೂ ನನಗೆ ಮೈ ಹಗುರ. ಹೇಳಿಬಿಟ್ಟೆನಲ್ಲ! ಎಷ್ಟು ಮಂದಿಗೆ ಬರುತ್ತದೆ ಇದು? ನಾಚಿಕೆಯಾಗಬೇಕಾದವನು ಒಳಗೊಳಗೇ ಬೀಗುತ್ತಿದ್ದೆ. ಮನೆಗೆ ಹೋದರೆ ಅವಳು ಫರಸಿಯ ಮೇಲೆ ಮೊರ ಇಟ್ಟುಕೊಂಡು ತೊಗರಿ ಬೇಳೆ ಹಸನು ಮಾಡುತ್ತಿದ್ದಳು. ಕಣ್ಣೆತ್ತದೆ ಹೇಳಿದಳು.

"ಅಣ್ಣಾರ ಫೋನ್ ಬಂದಿತ್ತು."

"ಎಲ್ಲಾ ಹೇಳಿಬಿಟ್ಟೆ ನಾ. ಒಂದೂ ಮುಚ್ಚಿಡಲಿಲ್ಲ," ಎಂದೆ. ಚಪ್ಪಲಿ ಕಳಚುತ್ತಾ, ಅವಳು ಏನಾದರೂ ಒಳ್ಳೆಯ ಮಾತು ಅನ್ನುತ್ತಾಳೆಂದು ಕಾದೆ.

"ಛಲೋ ಆತ್ರಿ. ತಪ್ಪಾತು ವೈನಿ ಅಂದ್ರು ಇಬ್ಬರೂ." ಒಂದು ಹರಳು ಆರಿಸಿ ಪಕ್ಕಕ್ಕೆ ಹಾಕಿದಳು. "ಅವರು ಅಂದ್ರು. ನೀವು ಅವರ ಮುಂದ ಹೇಳಿದ್ರಿ. ನನ್ನ ಮುಂದ ಏನೂ ಹೇಳಿಲ್ಲ."

ಪಂದ್ಯದ ಹಾಲಿನಲ್ಲಿ ಅಷ್ಟು ದೊಡ್ಡದಾಗಿ ತೆರೆದ ಬಾಯಿ ತಪ್ಪಾಯಿತು ಎನ್ನುವಷ್ಟಕ್ಕೆ ತೆರೆಯಲಿಲ್ಲ. ಕೈಕಾಲು ತೊಳೆಯಲು ಹೋದೆ, ಬಂದು ಚಹಾ ಕೇಳಿದೆ. ಅವಳು ಎದ್ದು ಚಹಾ ಮಾಡಿಕೊಟ್ಟಳು.

ಅದಾಗಿ ಎರಡು ತಿಂಗಳಾಯಿತು. ನಿಮಗೆ ಇಷ್ಟೆಲ್ಲ ಬರೆದು ತಿಳಿಸಿದೆ. ಅವಳು ಇಲ್ಲೇ ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಾಳೆ, ಅವಳಿಗೆ ಇನ್ನೂ ಹೇಳಿಲ್ಲ.